ತಲೆಗೆ ನಾಲ್ಕೇ ಕಿಲೋ

ಕೆಲಸದಿಂದ ನಿವೃತ್ತರಾದ ಗಂಡಸರು ಬೆಳಿಗ್ಗೆ ಎಂಟೂವರೆ ಆಗುತ್ತಿದ್ದಂತೆ ಒಂದೋ ಪೇಪರ್ ಓದಲು ಗ್ರಂಥಾಲಯಕ್ಕೆ ಹೊರಡುತ್ತಾರೆ, ಇಲ್ಲವೇ ಹೆಂಡತಿಯ ಕೈಗೆ ಸಿಕ್ಕಿ ಸೊಪ್ಪು ಬಿಡಿಸುತ್ತ ಕೂರುತ್ತಾರೆ. ತೂಕದಜ್ಜ ಮಾತ್ರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ವಿಮಾನ ನಿಲ್ದಾಣಕ್ಕೆ ಹೋಗುತ್ತಿದ್ದ. ಎಲ್ಲಿಗೂ ಹಾರುವುದಕ್ಕಲ್ಲ. ಅವನ ಕಿರಿಮಗಳು ಅಲ್ಲಿ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು, ಅದನ್ನು ನೋಡಲು.

ಅಜ್ಜನಿಗೆ ಆ ಹೆಸರು ಬಂದದ್ದು ಮಾರುಕಟ್ಟೆಯ ತೂಕದ ಮನೆಯಿಂದ. ಇಡೀ ಲಾರಿಯನ್ನೇ ಹತ್ತಿಸಿ ತೂಗುವ ಕಬ್ಬಿಣದ ಹಾಸು, ಪಕ್ಕದಲ್ಲಿ ಕಿಟಕಿಯಿಟ್ಟ ಒಂದು ಗೂಡು. ಆ ಗೂಡಿನಲ್ಲಿ ಮೂವತ್ತೊಂದು ವರ್ಷ ಕೂತು ಚೀಟಿ ಬರೆದಿದ್ದ. ಲಾರಿ ದೂರದಲ್ಲಿ ತಿರುವು ತಿರುಗುವುದನ್ನು ನೋಡಿಯೇ ‘ಹದಿನಾಲ್ಕು ಟನ್, ಮೇಲೊಂದಿಷ್ಟು’ ಎನ್ನುತ್ತಿದ್ದ. ಹಾಸಿನ ಮೇಲೆ ಹತ್ತಿಸಿದರೆ ಅಷ್ಟೇ ಇರುತ್ತಿತ್ತು.

ಮಗಳಿಗೂ ತೂಗುವ ಕೆಲಸವೇ ಸಿಕ್ಕಿತ್ತು. ಆದರೆ ಅವಳು ತೂಗುತ್ತಿದ್ದದ್ದು ಮನುಷ್ಯರನ್ನು.

ಊರ ಹೊರಗಿನ ಆ ರನ್‌ವೇಯನ್ನು ಯಾವ ಕಾಲದಲ್ಲಿ ಯಾರು ಮಾಡಿಸಿದ್ದರೋ, ನಲವತ್ತು ವರ್ಷ ಅದು ಹಾಳು ಬಿದ್ದಿತ್ತು. ಆಡುಗಳು ಮೇಯುತ್ತಿದ್ದವು. ಊರಿನ ಅರ್ಧ ಜನ ಕಾರು ಓಡಿಸಲು ಕಲಿತದ್ದು ಅಲ್ಲಿಯೇ. ಆಮೇಲೆ ಸಣ್ಣ ಊರುಗಳಿಗೂ ವಿಮಾನ ಹಾರಬೇಕೆಂದು ಸರ್ಕಾರ ಯೋಜನೆ ತಂದಿತು. ಬೇಲಿ ಬಂತು, ಬೆಂಕಿ ಆರಿಸುವ ಗಾಡಿ ಬಂತು, ನಲವತ್ತು ಕುರ್ಚಿಯ ಒಂದು ಹಾಲ್ ಎದ್ದಿತು. ಖಾಲಿ ಸೀಟಿನ ನಷ್ಟ ತುಂಬಿಕೊಡಲು ವಿಮಾನ ಕಂಪನಿಗೆ ಮೂರು ವರ್ಷ ಸಹಾಯಧನ ಎಂದಾಯಿತು. ಬಸ್ಸಿನಲ್ಲಿ ಘಟ್ಟ ಇಳಿದು ಹದಿಮೂರು ಗಂಟೆ ಹಿಡಿಯುತ್ತಿದ್ದ ರಾಜಧಾನಿ ಐವತ್ತು ನಿಮಿಷಕ್ಕೆ ಬಂತು. ಟಿಕೆಟ್ಟಿನ ಬೆಲೆ ಒಳ್ಳೆಯ ಬಸ್ಸಿಗಿಂತ ಕೊಂಚ ಹೆಚ್ಚು, ಅಷ್ಟೇ.

ವಿಮಾನ ಎಂದರೆ ಹತ್ತೊಂಬತ್ತು ಸೀಟಿನ ಪುಟ್ಟದು. ದೊಡ್ಡ ವಿಮಾನಗಳಲ್ಲಿ ಆನೆ ಹತ್ತಿದರೂ ನಡೆಯುತ್ತದೇನೋ, ಇದಕ್ಕೆ ಹಾಗಲ್ಲ. ಪ್ರತಿಯೊಬ್ಬನ ತೂಕ, ಚೀಲದ ತೂಕ, ಯಾರು ಎಲ್ಲಿ ಕೂರಬೇಕು, ಎಲ್ಲ ಒಂದು ಹಾಳೆಯ ಮೇಲೆ ಬರೆದು ಕ್ಯಾಪ್ಟನ್ ಕೈಗೆ ಕೊಡಬೇಕು. ಅವರು ಸಹಿ ಹಾಕಿದ ಮೇಲೆಯೇ ವಿಮಾನದ ಫ್ಯಾನು ತಿರುಗುವುದು.

ಮೊದಲ ವಾರ ಯಾರೂ ತೂಕದ ಹಲಗೆ ಹತ್ತಲು ಸುಲಭಕ್ಕೆ ಒಪ್ಪಲಿಲ್ಲ. ಹೆಣ್ಣುಮಕ್ಕಳ ಶಾಲೆಯ ದೊಡ್ಡ ಟೀಚರು ಚಪ್ಪಲಿ ಬಿಟ್ಟು, ಕೈಗಡಿಯಾರ ಬಿಚ್ಚಿ, ಉಸಿರು ಬಿಗಿಹಿಡಿದು ನಿಂತು ‘ನಿಮ್ಮ ಮೆಷಿನ್ ಸರಿಯಿಲ್ಲ’ ಎಂದಿದ್ದರು. ಮಗಳು ಮರುದಿನವೇ ಹಳೆಯ ಕ್ಯಾಲೆಂಡರಿನ ರಟ್ಟು ಮಡಚಿ, ಅಂಕಿ ಕಾಣುವ ಗಾಜಿಗೆ ಒಂದು ಗೂಡು ಮಾಡಿ ಅಂಟಿಸಿದಳು. ಅಂದಿನಿಂದ ತೂಕ ಅವಳಿಗೊಬ್ಬಳಿಗೆ ಕಾಣುತ್ತಿತ್ತು. ಬಾಯಿ ಬಿಟ್ಟು ಯಾರಿಗೂ ಹೇಳಿದವಳಲ್ಲ. ಅಪ್ಪ ಕೆಣಕಿದರೂ ಹೇಳಲಿಲ್ಲ.

“ಆ ಬಟ್ಟೆ ಅಂಗಡಿಯವ್ನು ನೂರು ದಾಟಿದ್ನೇನೇ?”

“ಅಪ್ಪಾ, ಅದು ಅವ್ರಿಗೂ ನನಗೂ ಬಿಟ್ಟ ವಿಷಯ.”

ಹೀಗೆ ಮೂರು ವರ್ಷ ತುಂಬುತ್ತ ಬಂತು. ಸಹಾಯಧನ ಮುಂದುವರಿಸಬೇಕೋ, ನಿಲ್ಲಿಸಬೇಕೋ ಎಂದು ನೋಡಿ ವರದಿ ಬರೆಯಲು ರಾಜಧಾನಿಯಿಂದ ಒಬ್ಬ ದೊಡ್ಡ ಅಧಿಕಾರಿ ಬಂದರು. ಊರಿನವರ ಬಾಯಲ್ಲಿ ಬರೀ ‘ಸಾಹೇಬರು’. ಎರಡು ದಿನ ಇದ್ದರು. ಬೇಲಿ ನೋಡಿದರು, ನಲ್ಲಿ ತಿರುಗಿಸಿ ನೋಡಿದರು, ಬೆಂಕಿ ಗಾಡಿಯಿಂದ ನೀರು ಚಿಮ್ಮಿಸಿ ನೋಡಿದರು. ನಗಲಿಲ್ಲ, ಬೈಯಲೂ ಇಲ್ಲ. ನಿಲ್ದಾಣದ ಮ್ಯಾನೇಜರು ಅವರ ಹಿಂದೆ ಹಿಂದೆ ನೆರಳಿನಂತೆ ಓಡಾಡಿ ಎರಡೇ ದಿನಕ್ಕೆ ಅರ್ಧ ಇಳಿದುಹೋದ.

ಸಾಹೇಬರು ವಾಪಸು ಹೊರಡುವ ದಿನವೇ ಎಡವಟ್ಟಾಯಿತು. ಒಂಬತ್ತಕ್ಕೆ ಬರಬೇಕಾದ ವಿಮಾನ ರಾಜಧಾನಿಯ ಮಂಜಿನಲ್ಲಿ ಸಿಕ್ಕಿಕೊಂಡು ಬಂದದ್ದು ಮಧ್ಯಾಹ್ನ ಒಂದಕ್ಕೆ. ಅಷ್ಟು ಹೊತ್ತಿಗೆ ರನ್‌ವೇ ಕಾದ ಹಂಚಾಗಿತ್ತು. ಹಾಲ್‌ನ ಎರಡು ಫ್ಯಾನುಗಳು ಬಿಸಿಗಾಳಿಯನ್ನೇ ಕಡೆಯುತ್ತಿದ್ದವು. ಅಜ್ಜ ಎಂದಿನಂತೆ ಕೌಂಟರಿನ ಪಕ್ಕದ ಮೊದಲ ಕುರ್ಚಿಯಲ್ಲಿ ಕೂತಿದ್ದ. ಸಾಹೇಬರು ಎದುರಿನ ಸಾಲಿನಲ್ಲಿ ಕಡತ ಓದುತ್ತಿದ್ದರು.

ಕ್ಯಾಪ್ಟನ್ ಒಳಗೆ ಬಂದು ಮಗಳ ಹಾಳೆ ನೋಡಿದರು. ಅವರೂ ಹೆಣ್ಣುಮಗಳೇ, ನಲವತ್ತರ ಆಸುಪಾಸು, ಮಾತು ಕಡಿಮೆ. “ನಲವತ್ತೊಂದು ಡಿಗ್ರಿ ಇದೆ. ಈ ಸೆಖೆಯಲ್ಲಿ, ಇಷ್ಟು ಚಿಕ್ಕ ರನ್‌ವೇಯಲ್ಲಿ ಇಷ್ಟು ಭಾರ ಎತ್ತಕ್ಕಾಗಲ್ಲ. ಇನ್ನೂರ ನಲವತ್ತು ಕಿಲೋ ಇಳಿಸಿ. ಇಂಧನ ಎಷ್ಟು ಬೇಕೋ ಅಷ್ಟೇ ಇದೆ, ಅದ್ರಲ್ಲಿ ತೆಗೆಯೋ ಹಾಗಿಲ್ಲ,” ಎಂದರು.

“ಸಂಜೆ ತಂಪಾಗೋ ತನಕ ಕಾಯಬಹುದಲ್ಲಾ ಮೇಡಂ?” ಎಂದ ಮ್ಯಾನೇಜರು.

“ನಿಮ್ಮ ರನ್‌ವೇಗೆ ದೀಪ ಇಲ್ಲ. ಆಮೇಲೆ ನನಗೆ ಇನ್ನೊಂದು ಊರಿಗೂ ಹಾರೋದಿದೆ. ಅರ್ಧ ಗಂಟೇಲಿ ಹೊರಡಬೇಕು.”

ಮಗಳು ಚೀಲಗಳನ್ನೆಲ್ಲ ಇಳಿಸಿದಳು. ನಾಳೆಯ ವಿಮಾನದಲ್ಲಿ ಕಳಿಸುವುದಾಗಿ ಒಬ್ಬೊಬ್ಬರಿಗೂ ಹೇಳಿ ಒಪ್ಪಿಸಿದಳು. ನೂರ ಅರವತ್ತು ಕಿಲೋ ಕಡಿಮೆಯಾಯಿತು. ಉಳಿದದ್ದು ಎಂಬತ್ತು. ಅಂದರೆ ಒಬ್ಬ ಮನುಷ್ಯ.

ಯಾರು ಇಳಿಯಬೇಕು ಎಂದು ಕಂಪನಿಯ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಉಚಿತ ಪಾಸಿನಲ್ಲಿ ಹೊರಟವರು ಮೊದಲು. ಅಂದು ಉಚಿತ ಪಾಸು ಇದ್ದದ್ದು ಒಬ್ಬರ ಬಳಿ ಮಾತ್ರ.

ಮ್ಯಾನೇಜರು ಮಗಳನ್ನು ಕೌಂಟರಿನ ಮೂಲೆಗೆ ಕರೆದ. ಮೂಲೆ ಎಂದರೂ ಅಜ್ಜನ ಕಿವಿಗೆ ಮೂರೇ ಮೊಳ.

“ಅಮ್ಮಾ, ತಲೆ ಕೆಟ್ಟಿದೆಯಾ ನಿಂಗೆ? ಆ ಮನುಷ್ಯ ಇಲ್ಲಿಂದ ಹೋಗಿ ಬರೆಯೋದು ನಮ್ಮ ಜಾತಕ! ಅವರನ್ನೇ ಇಳಿಸ್ತೀಯಾ?”

“ಇನ್ಯಾರನ್ನ ಇಳಿಸ್ಲಿ ಸರ್? ನಾಲ್ಕನೇ ಸೀಟಿನವರಿಗೆ ನಾಳೆ ಬೆಳಿಗ್ಗೆ ಆಪರೇಷನ್ನು. ಏಳು, ಎಂಟರಲ್ಲಿರೋ ಮಕ್ಕಳಿಗೆ ಪರೀಕ್ಷೆ. ಟಿಕೆಟ್ ತಗೊಂಡೋರನ್ನ ಇಳಿಸಿ ಪಾಸಿನವರನ್ನ ಕೂರಿಸೋ ಹಾಗಿಲ್ಲ.”

ಇದು ಹೇಗೋ ಕಿವಿಗೆ ಬಿದ್ದು, ಅದೇ ವಿಮಾನಕ್ಕೆ ಕಾಯುತ್ತಿದ್ದ ಬೀಜದ ಅಂಗಡಿಯವನು ಎದ್ದು ಬಂದ. “ನಾನು ಇಳೀತೀನಿ ತಾಯಿ, ಊರಿಗೋಸ್ಕರ ಅಷ್ಟೂ ಮಾಡದಿದ್ರೆ ಹೇಗೆ?” ಎಂದು ಎದೆ ಉಬ್ಬಿಸಿದ. ಉಬ್ಬಿಸಲು ಅಲ್ಲಿ ಎದೆಯೇ ಇರಲಿಲ್ಲ. ಗಾಳಿಗೆ ಹಾರಿಹೋಗುವ ಆಳು. ಮಗಳು ಅವನನ್ನು ನೋಡಿ ಮೆಲ್ಲಗೆ, “ಅಣ್ಣಾ, ನಿಮ್ಮ ಥರದೋರು ಇಬ್ಬರು ಬೇಕಾಗತ್ತೆ,” ಎಂದಳು.

ಮ್ಯಾನೇಜರು ದನಿ ಇನ್ನೂ ತಗ್ಗಿಸಿದ. “ಯಾರನ್ನೂ ಇಳಿಸೋದೇ ಬೇಡ ಬಿಡು. ಹಾಳೆ ಬರೆಯೋದು ನೀನು ತಾನೇ? ಎಂಬತ್ತು ಕಿಲೋನ ಹತ್ತೊಂಬತ್ತು ಜನಕ್ಕೆ ಹಂಚು. ತಲೆಗೆ ನಾಲ್ಕೇ ಕಿಲೋ! ಬೆಳಿಗ್ಗೆ ಹೊಟ್ಟೆ ತುಂಬ ತಿಂದ್ರೆ ಅಷ್ಟು ಏರುತ್ತೆ, ಬೆವರಿದ್ರೆ ಇಳಿಯುತ್ತೆ. ಯಾರಿಗೆ ಗೊತ್ತಾಗತ್ತೆ?”

ತಲೆಗೆ ನಾಲ್ಕೇ ಕಿಲೋ. ಆ ಮಾತು ಕೇಳಿ ಅಜ್ಜನ ಬೆನ್ನಿನಲ್ಲಿ ಹಾವು ಹರಿದಂತಾಯಿತು.

ಇಪ್ಪತ್ತೆರಡು ವರ್ಷಗಳ ಹಿಂದೆ ಮಾರುಕಟ್ಟೆ ಸಮಿತಿಯ ಅಧ್ಯಕ್ಷ ಅವನ ಕಿಟಕಿಗೆ ಮೊಣಕೈ ಊರಿ ನಿಂತು ಇದೇ ಲೆಕ್ಕ ಹೇಳಿದ್ದ. ‘ಎರಡು ಟನ್ ಏನ್ ಮಹಾ ಮಾರಾಯಾ? ಹತ್ತು ಚಕ್ರ ಇದೆ. ಚಕ್ರಕ್ಕೆ ಇನ್ನೂರೇ ಕಿಲೋ.’ ಲಾರಿ ಅಧ್ಯಕ್ಷನದೇ. ಅಜ್ಜನ ಮನೆಯಲ್ಲಿ ಆಗ ಎರಡು ಚಿಕ್ಕ ಹೆಣ್ಣುಮಕ್ಕಳು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಎರಡು ಟನ್ ಕಡಿಮೆ ಬರೆದುಕೊಟ್ಟಿದ್ದ. ಅದೇ ಮಧ್ಯಾಹ್ನ ಘಟ್ಟದ ತಿರುವಿನಲ್ಲಿ ಬ್ರೇಕು ಹಿಡಿಯದೆ ಲಾರಿ ಉರುಳಿತು. ಚಾಲಕನ ಬಲಗಾಲು ಮಂಡಿಯಿಂದ ಕೆಳಗೆ ಹೋಯಿತು. ವಿಚಾರಣೆಯಲ್ಲಿ ತೂಕದ ಚೀಟಿ ಸರಿಯಾಗಿತ್ತು. ಹಾಗಾಗಿ ತಪ್ಪು ಚಾಲಕನದೇ ಎಂದು ತೀರ್ಮಾನವಾಯಿತು. ಅವನು ಈಗ ಬಸ್ ನಿಲ್ದಾಣದ ಎದುರು ಚಹಾ ಅಂಗಡಿ ಇಟ್ಟಿದ್ದ. ಅಜ್ಜ ವಾರಕ್ಕೆರಡು ಸಲ ಅಲ್ಲಿ ಚಹಾ ಕುಡಿಯುತ್ತಿದ್ದ. ಹೇಳಬೇಕೆಂದು ಹೋಗುತ್ತಿದ್ದ, ಬರೀ ಚಹಾ ಕುಡಿದು ಬರುತ್ತಿದ್ದ.

ಅಷ್ಟರಲ್ಲಿ ಮ್ಯಾನೇಜರು ಇವನ ಕಡೆಯೇ ತಿರುಗಿದ. “ಯಜಮಾನ್ರೇ, ನೀವಾದ್ರೂ ಹೇಳಿ ಮಗಳಿಗೆ. ಮೂವತ್ತು ವರ್ಷ ತೂಗಿದೋರು ನೀವು. ಒಂಚೂರು ಹಿಂದೆ ಮುಂದೆ ಆಗೋದು ಇದ್ದದ್ದೇ ಅಲ್ವಾ?”

ಹಾಲ್‌ನಲ್ಲಿ ಎಲ್ಲರೂ ಇತ್ತಲೇ ನೋಡಿದರು. ಸಾಹೇಬರೂ ಕಡತದಿಂದ ತಲೆಯೆತ್ತಿದರು. ಮಗಳು ಅಪ್ಪನ ಮುಖ ನೋಡಲಿಲ್ಲ, ಹಾಳೆಯನ್ನೇ ನೋಡುತ್ತಿದ್ದಳು.

ಅಜ್ಜ ಎದ್ದು ನಿಂತ.

“ಇದ್ದದ್ದೇ ಸ್ವಾಮೀ,” ಎಂದ. “ನಾನೂ ಒಂದ್ಸಲ ಹಿಂದೆ ಮುಂದೆ ಮಾಡಿದೀನಿ. ಅಧ್ಯಕ್ಷರ ಲಾರೀಲಿ ಎರಡು ಟನ್ ಜಾಸ್ತಿ ಇತ್ತು, ನಾನು ಬರೀಲಿಲ್ಲ. ಬಸ್ ಸ್ಟ್ಯಾಂಡ್ ಎದುರು ಊರುಗೋಲು ಹಿಡ್ಕೊಂಡು ಚಹಾ ಸೋಸ್ತಾನಲ್ಲ, ಅವ್ನ ಕಾಲು ಹೋಗಿದ್ದು ನನ್ನ ಚೀಟಿಯಿಂದ. ಅದಕ್ಕೇ ಹೇಳ್ತೀನಿ, ನನ್ನ ಕೇಳ್ಬೇಡಿ. ಅವಳನ್ನ ಕೇಳಿ. ಅವಳ ಮಾತೇ ಮಾತು.”

ಅಜ್ಜ ಮತ್ತೆ ಕುರ್ಚಿಯಲ್ಲಿ ಕೂತ.

ಮಗಳು ಹಾಳೆ ಹಿಡಿದುಕೊಂಡು ಸೀದಾ ಸಾಹೇಬರ ಮುಂದೆ ಹೋಗಿ ನಿಂತಳು.

“ಸರ್, ಸೆಖೆಯಿಂದ ವಿಮಾನಕ್ಕೆ ಇಷ್ಟು ಭಾರ ಎತ್ತಕ್ಕಾಗ್ತಿಲ್ಲ. ಒಬ್ಬರು ಉಳೀಬೇಕು. ಪಾಸು ಇರೋದು ನಿಮ್ಮೊಬ್ಬರ ಹತ್ರಾನೇ. ದಯವಿಟ್ಟು ನೀವು ಉಳೀಬೇಕು.”

ಸಾಹೇಬರು ಕನ್ನಡಕ ತೆಗೆದರು. “ನಾಲ್ಕು ಗಂಟೆಗೆ ನನಗೆ ಮೀಟಿಂಗ್ ಇದೆ.”

“ಗೊತ್ತು ಸರ್. ಮ್ಯಾನೇಜರ್ ಹೇಳಿದ್ರು.”

“ಈ ನಿಲ್ದಾಣ ಇರಬೇಕೋ ಬೇಡವೋ ಅಂತ ಬರೆಯೋನು ನಾನು. ಅದೂ ಗೊತ್ತಾ?”

“ಅದೂ ಗೊತ್ತು ಸರ್.”

“ಗೊತ್ತಿದ್ದೂ ಹೇಳ್ತಿದೀಯಾ?”

“ಬರೆಯೋದು ನಿಮ್ಮ ಕೆಲಸ ಸರ್. ತೂಗೋದು ನನ್ನ ಕೆಲಸ.”

ಅವಳ ದನಿ ಏರಲಿಲ್ಲ. ಆದರೆ ಹಾಳೆ ಹಿಡಿದ ಬೆರಳ ತುದಿ ಬಿಳಿಚಿಕೊಂಡಿದ್ದನ್ನು ಅಜ್ಜ ಅಷ್ಟು ದೂರದಿಂದಲೂ ಕಂಡ. ಇಷ್ಟು ದಿನ ಮಗಳು ಅಂಕಿ ಬರೆಯುವುದನ್ನು ನೋಡಿ ಹಿಗ್ಗುತ್ತಿದ್ದ. ಇವತ್ತು ಹಿಗ್ಗಿನ ಜೊತೆ ನಾಚಿಕೆಯೂ ಬಂತು, ಎರಡೂ ಒಟ್ಟಿಗೇ ಕಣ್ಣಿಗೆ ಏರಿದವು. ತಾನು ಗೂಡಿನೊಳಗೆ ಒಬ್ಬನೇ ಇದ್ದಾಗ ಆಡಲಾಗದ ಮಾತನ್ನು ಇವಳು ಜನ ತುಂಬಿದ ಹಾಲ್‌ನಲ್ಲಿ ಆಡಿದ್ದಳು.

ಸಾಹೇಬರು ಕಡತ ಮುಚ್ಚಿದರು. “ನಾಳೆ ವಿಮಾನದಲ್ಲಿ ಸೀಟು ಕೊಡು ಹಾಗಾದ್ರೆ.”

ಮಗಳು ಕೌಂಟರಿಗೆ ಹೋಗಿ ನೋಡಿ ಬಂದಳು. ಮುಖ ಸಣ್ಣದಾಗಿತ್ತು. “ನಾಳೆ ಹತ್ತೊಂಬತ್ತೂ ಭರ್ತಿ ಸರ್. ನಾಡಿದ್ದೂ ಭರ್ತಿ.”

ಮ್ಯಾನೇಜರು ಗೋಡೆಗೆ ಒರಗಿದ. ಸಾಹೇಬರು ಕೈಚೀಲ ಎತ್ತಿಕೊಂಡು ಹೊರಗೆ ನಡೆದರು. ಹದಿನೆಂಟು ಜನರನ್ನು ಹೊತ್ತ ವಿಮಾನ ಬೇಲಿಯ ತುದಿಯವರೆಗೂ ಓಡಿ, ಇನ್ನೇನು ಏಳುವುದೇ ಇಲ್ಲವೇನೋ ಎನ್ನುವಾಗ ಮೇಲೆದ್ದಿತು. ಅದೇ ಹೊತ್ತಿಗೆ ಸರ್ಕಾರಿ ಜೀಪು ಸಾಹೇಬರನ್ನು ಕೂರಿಸಿಕೊಂಡು ಘಟ್ಟದ ದಾರಿ ಹಿಡಿಯಿತು. ಹದಿಮೂರು ಗಂಟೆಯ ದಾರಿ.

ಸುದ್ದಿಗೆ ಕಾಲು ಬಂದು ಸಂಜೆಯೊಳಗೆ ಊರೆಲ್ಲ ಸುತ್ತಿತು. ಮುಂದಿನ ಕೆಲವು ವಾರ ಅಜ್ಜನ ಮನೆಯವರಿಗೆ ಸುಲಭವಾಗಿರಲಿಲ್ಲ. “ಇದ್ದೊಂದು ವಿಮಾನಕ್ಕೂ ಕಲ್ಲು ಹಾಕಿದ್ಳು ಮಹಾತಾಯಿ” ಎಂದರು ಕೆಲವರು. ಔಷಧಿ ಅಂಗಡಿಯವನು ಅಜ್ಜನಿಗೆ ಚಿಲ್ಲರೆ ಕೊಡುವಾಗ ಮುಖ ನೋಡಲಿಲ್ಲ. ಹೆಂಡತಿ ಎರಡು ದಿನ ಮಾತೇ ಆಡಲಿಲ್ಲ. ಮೂರನೆಯ ದಿನ ತಟ್ಟೆ ಮುಂದಿಡುತ್ತ, “ಇಷ್ಟು ವರ್ಷ ನನ್ನ ಹತ್ರಾನೂ ಮುಚ್ಚಿಟ್ರಲ್ಲಾ,” ಎಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ಹೋಗಿ ಅವನ ಮುಂದೆ ಹೇಳಿ ಬನ್ನಿ. ಊರಿಗೆ ಹೇಳಿದ್ದಾಯ್ತು, ಅವನಿಗೆ ಹೇಳ್ಬೇಡ್ವಾ?” ಎಂದಳು.

ಅಜ್ಜ ಹೋದ. ಚಹಾದವನು ಊರುಗೋಲನ್ನು ಕಂಕುಳಿಗೆ ಒತ್ತಿ ಹಾಲು ಕಾಯಿಸುತ್ತಿದ್ದ. ಇವನನ್ನು ನೋಡಿದ್ದೇ ಒಲೆ ಸಣ್ಣಗೆ ಮಾಡಿದ.

“ನನಗೆ ಗೊತ್ತಿತ್ತು ಯಜಮಾನ್ರೇ. ಗಾಡಿ ಓಡಿಸೋನಿಗೆ ಭಾರ ಗೊತ್ತಾಗಲ್ವಾ? ಗೊತ್ತಿದ್ದೂ ನಾನೂ ಹೊರಟೆನಲ್ಲಾ.”

“ನಾನು ನಿಜ ಬರೆದಿದ್ರೆ ನೀನು ಹೊರಡ್ತಿರಲಿಲ್ಲ.”

“ಅದು ನಿಜ.” ಅವನು ಹಾಲಿನ ಪಾತ್ರೆ ಕೆಳಗಿಳಿಸಿದ. “ಕಾಲು ಹೋದದ್ದು ಹೋಯ್ತು. ಆದ್ರೆ ಅಜಾಗರೂಕತೆ ಅಂತ ಬರೆದ್ರಲ್ಲ, ಅದು ಸುಡ್ತಾ ಇದೆ. ಕುಡಿದು ಓಡಿಸಿದ ಅಂತ ನನ್ನ ಅಳಿಯನ ಮನೆಯೋರು ಈಗಲೂ ಆಡ್ಕೋತಾರೆ. ನೀವು ಅವತ್ತು ಬಾಯಲ್ಲಿ ಹೇಳಿದ್ದನ್ನ ಕಾಗದದಲ್ಲಿ ಬರೆದುಕೊಡ್ತೀರಾ?”

ಅಜ್ಜ ಅಲ್ಲೇ ಬೆಂಚಿನ ಮೇಲೆ ಕೂತು ಬರೆದ. ದಿನಾಂಕ, ಲಾರಿಯ ನಂಬರು, ನಿಜವಾದ ತೂಕ. ಅವನಿಗೆ ಯಾವುದೂ ಮರೆತಿರಲಿಲ್ಲ. ಕೆಳಗೆ ಪೂರ್ತಿ ಹೆಸರಿನ ಸಹಿ ಹಾಕಿದ. ಚಹಾದವನು ಎರಡು ಸಲ ಓದಿ, ನಾಲ್ಕಾಗಿ ಮಡಚಿ, ಅಂಗಿಯ ಜೇಬಿಗಿಟ್ಟು ಗುಂಡಿ ಹಾಕಿಕೊಂಡ. ಬೆನ್ನು ನೆಟ್ಟಗೆ ಮಾಡಿ, “ಕೂತಿರಿ, ಈಗ ಚಹಾ ಕೊಡ್ತೀನಿ,” ಎಂದ. ಕ್ಷಮಿಸಿದೆ ಎನ್ನಲಿಲ್ಲ. ಅಜ್ಜನೂ ಕೇಳಲಿಲ್ಲ.

ಎರಡು ತಿಂಗಳ ಮೇಲೆ ರಾಜಧಾನಿಯಿಂದ ಕಾಗದ ಬಂತು. ಮ್ಯಾನೇಜರು ಅದನ್ನು ತಾನೇ ಒಡೆಯಲು ಧೈರ್ಯ ಸಾಲದೆ ಕೌಂಟರಿಗೆ ತಂದು ಮಗಳ ಕೈಗೆ ಕೊಟ್ಟ. ಅವಳು ನಿಂತೇ ಓದಿದಳು. ಸಹಾಯಧನ ಇನ್ನೂ ಮೂರು ವರ್ಷ ಮುಂದುವರಿಯುತ್ತದೆ. ರನ್‌ವೇಯನ್ನು ನಾನೂರು ಮೀಟರ್ ಉದ್ದ ಮಾಡಲು ಹಣ ಮಂಜೂರಾಗಿದೆ. ದೀಪವೂ ಬರುತ್ತದೆ. ಹಾಲ್‌ನ ಫ್ಯಾನು ಸಾಲದು, ಮ್ಯಾನೇಜರು ಕೂಡಲೇ ಗಮನಿಸತಕ್ಕದ್ದು. ಜೊತೆಗಿದ್ದ ವರದಿಯ ಒಂದು ಸಾಲನ್ನು ಅವಳು ಜೋರಾಗಿ ಓದಿದಳು: ‘ಈ ಊರಿಗೆ ರಸ್ತೆ ಮಾರ್ಗ ಸಾಕೆಂಬ ವಾದವನ್ನು ಒಪ್ಪಲಾಗುವುದಿಲ್ಲ. ಸದರಿ ರಸ್ತೆಯಲ್ಲಿ ಸ್ವತಃ ಪ್ರಯಾಣಿಸಲಾಗಿದೆ.’

ಅಂದೂ ವಿಮಾನ ಹತ್ತಲು ಬಂದಿದ್ದ ಬೀಜದ ಅಂಗಡಿಯವನು ಬಿದ್ದು ಬಿದ್ದು ನಕ್ಕ. “ಸೊಂಟ ಮುರಿದಿರಬೇಕು ಪಾಪ!”

ಕೊನೆಯ ಪುಟದಲ್ಲಿ ಇನ್ನೊಂದು ಆದೇಶ ಇತ್ತು. ಹೊಸದಾಗಿ ತೆರೆಯುವ ಹನ್ನೊಂದು ಸಣ್ಣ ನಿಲ್ದಾಣಗಳ ಕೌಂಟರಿನವರಿಗೆ ಭಾರದ ಹಾಳೆ ಬರೆಯುವುದನ್ನು ಕಲಿಸಲು, ಈ ನಿಲ್ದಾಣದ ತೂಕದ ಸಿಬ್ಬಂದಿಯನ್ನು ಹದಿನೈದು ದಿನ ರಾಜಧಾನಿಗೆ ಕಳಿಸಿಕೊಡಬೇಕು. ಹೊಗಳಿಕೆಯ ಒಂದು ಪದವೂ ಇರಲಿಲ್ಲ. ಅಜ್ಜ ಆ ಪುಟವನ್ನು ಮಗಳಿಂದ ಇಸಿದುಕೊಂಡು ಮತ್ತೆ ಮತ್ತೆ ಓದಿದ.

ಅಂದು ಮನೆಗೆ ನಡೆಯುವಾಗ ಮಗಳು ಹೇಳಿದಳು. “ಅಪ್ಪಾ, ಅವತ್ತು ನೀನು ಹಾಗೆ ಎದ್ದು ಹೇಳದೇ ಇದ್ದಿದ್ರೂ ನಾನು ಸುಳ್ಳು ಬರೀತಿರಲಿಲ್ಲ.”

“ಗೊತ್ತು ಪುಟ್ಟಾ. ನಿನಗೋಸ್ಕರ ಹೇಳಿದ್ದಲ್ಲ. ನೀನು ಬರೆಯಲ್ಲ ಅಂತ ಗೊತ್ತಾದ್ಮೇಲೆ ನನಗೆ ಬಾಯಿ ಬಂತು.”

ಅವಳು ಹೊರಡುವ ದಿನ ಮನೆಮಂದಿಯೆಲ್ಲ ನಿಲ್ದಾಣಕ್ಕೆ ಹೋದರು. ಮೂರು ವರ್ಷ ಊರಿನವರನ್ನೆಲ್ಲ ಹತ್ತಿಸಿ ಕಳಿಸಿದವಳು ತಾನು ವಿಮಾನ ಹತ್ತುವುದು ಅದೇ ಮೊದಲು. ಅಂದು ಕೌಂಟರಿನಲ್ಲಿ ಮ್ಯಾನೇಜರು. ಅವಳನ್ನು ತೂಗಿ ಬರೆದುಕೊಂಡ, ಬಾಯಿ ಬಿಡಲಿಲ್ಲ. ಚೀಲವನ್ನು ಹಲಗೆಯ ಮೇಲಿಟ್ಟು ಬಗ್ಗಿ ನೋಡಿದ. ಮತ್ತೊಮ್ಮೆ ನೋಡಿದ. ಗಂಟಲು ಸರಿಮಾಡಿಕೊಂಡ.

“ಹನ್ನೆರಡು ಕಿಲೋ ಇದೆಯಮ್ಮಾ. ಎರಡು ಜಾಸ್ತಿ.”

“ಎರಡೇ ತಾನೇ! ಬಿಡಪ್ಪಾ, ದಿನಾ ನೋಡೋ ಹುಡುಗಿ,” ಎಂದಳು ತಾಯಿ.

“ಆಗಲ್ಲಮ್ಮಾ,” ಎಂದ ಮ್ಯಾನೇಜರು ಬಲು ಗಂಭೀರವಾಗಿ. “ತೂಕ ಅಂದ್ರೆ ತೂಕ.”

ಮಗಳು ನಗು ತಡೆಯಲಾರದೆ ಅಲ್ಲೇ ಮಂಡಿಯೂರಿ ಚೀಲ ಬಿಚ್ಚಿದಳು. ಅಮ್ಮ ತುರುಕಿದ್ದ ತಿಂಡಿಯ ದೊಡ್ಡ ಡಬ್ಬ, ಒಂದು ಜೊತೆ ಬೂಟು ಹೊರಗೆ ಬಂದವು. ಚೀಲ ಮತ್ತೆ ಹಲಗೆ ಏರಿತು. ಮ್ಯಾನೇಜರು ತಲೆಯಾಡಿಸಿ ಬರೆದುಕೊಂಡ.

ವಿಮಾನ ಹೋದ ಮೇಲೆ ಅಜ್ಜ ಡಬ್ಬವನ್ನು ಕಂಕುಳಲ್ಲಿಟ್ಟು, ಬೂಟುಗಳನ್ನು ದಾರ ಹಿಡಿದು ತೂಗಾಡಿಸುತ್ತ, ಹತ್ತಿರದ ದಾರಿ ಬಿಟ್ಟು ಪೇಟೆ ಬೀದಿ ಹಿಡಿದ. ಔಷಧಿ ಅಂಗಡಿಯವನು ಹೊರಗೆ ಬಂದು, “ಏನಜ್ಜಾ, ಬೂಟು ಯಾರದು?” ಎಂದ.

“ಮಗಳದು. ಪಾಠ ಹೇಳ್ಕೊಡೋಕೆ ರಾಜಧಾನಿಗೆ ಹೋದ್ಳು,” ಎಂದ ಅಜ್ಜ, ಆಚೆ ಬದಿಯ ಅಂಗಡಿಗೂ ಕೇಳುವಂತೆ. “ಎರಡು ಕಿಲೋ ಜಾಸ್ತಿ ಆಯ್ತು. ಬಿಡಲಿಲ್ಲ!”